ಮೆಚ್ಚಿಸುವ ಯಂತ್ರವೂ ತಿದ್ದುವ ಗುರುವೂ

ತಾನು ಮಾಡಿದ ವಸ್ತುವಿನ ದೋಷವು ತನ್ನ ಕಣ್ಣಿಗೆ ಕಾಣಿಸುವುದು ದುರ್ಲಭ. ಕುಂಬಾರನು ತಿಗರಿಯಿಂದ ಇಳಿಸಿದ ಮಡಕೆ ತುಸು ಓರೆಯಾಗಿದ್ದರೂ ಅವನಿಗೆ ಅದು ಓರೆಯೆಂದು ತೋರುವುದಿಲ್ಲ. ಅದರೊಳಗೆ ತನ್ನ ಶ್ರಮವೇ ಅವನಿಗೆ ಕಾಣುತ್ತಿರುತ್ತದೆ. ಆದಕಾರಣವೇ ಎಲ್ಲ ಕಾಯಕಗಳಲ್ಲಿಯೂ ಮಾಡುವವನ ಬಳಿಯಲ್ಲಿ ನೋಡುವವನೊಬ್ಬನು ಇರಬೇಕೆಂಬ ಕ್ರಮವು ಹಿಂದಿನಿಂದಲೂ ನಡೆದುಬಂದಿದೆ.

ಧಾರವಾಡ ಸೀಮೆಯ ಮನೆಗಳಲ್ಲಿ ಕಸೂತಿ ಕಲಿಸುವ ಪದ್ಧತಿಯನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳದೆ, ಎಳೆಗಳನ್ನು ಎಣಿಸುತ್ತ, ಎಲ್ಲಿಯೂ ಗಂಟು ಹಾಕದೆ ಹೆಣೆಯುವ ವಿದ್ಯೆ ಅದು. ಗವಂತಿ ಹೊಲಿಗೆಯಲ್ಲಿ ಮುಂಬದಿಯೂ ಹಿಂಬದಿಯೂ ಒಂದೇ ರೀತಿಯಾಗಿ ಕಾಣಬೇಕು. ಹುಡುಗಿಯು ಗೋಪುರವನ್ನೋ ತೇರನ್ನೋ ಮುಗಿಸಿ ಹಿರಿಯಳ ಕೈಗೆ ಕೊಟ್ಟರೆ ಆಕೆ ಮುಂಬದಿಯನ್ನು ನೋಡುವ ಮೊದಲೇ ಬಟ್ಟೆಯನ್ನು ತಿರುವಿಹಾಕಿ ಹಿಂಬದಿಯನ್ನು ನೋಡುತ್ತಾಳೆ. ಎಳೆ ಎಲ್ಲಿ ದಾರಿ ತಪ್ಪಿತು, ಎಲ್ಲಿ ಅವಸರಪಟ್ಟು ದೂರಕ್ಕೆ ಹಾರಿತು, ಎಲ್ಲಿ ಕದ್ದು ಗಂಟು ಬಿತ್ತು ಎಂಬುದೆಲ್ಲವೂ ಅಲ್ಲಿ ಬಯಲಾಗುತ್ತದೆ. ಅನೇಕ ವೇಳೆ ಆಕೆ ಮಾತನ್ನೇ ಆಡುವುದಿಲ್ಲ; ಬೆರಳಿಟ್ಟು ತೋರಿಸುತ್ತಾಳೆ, ಅಷ್ಟೇ. ಕೆಲವು ವರ್ಷಗಳಾದ ಮೇಲೆ ಆ ಹುಡುಗಿ ತಾನಾಗಿಯೇ ಬಟ್ಟೆಯನ್ನು ತಿರುವಿ ನೋಡಲು ಕಲಿಯುತ್ತಾಳೆ. ಹಿರಿಯಳ ಕಣ್ಣು ಕಿರಿಯಳಿಗೆ ಬಂದಿತೆಂದು ಹೇಳುವುದು ಆಗಲೇ.

ಈಗ ಆ ಹಿರಿಯರ ಸ್ಥಾನದಲ್ಲಿ ಒಂದು ಯಂತ್ರ ಬಂದು ಕುಳಿತಿದೆ. ೨೦೨೨ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬುದು ಜನರ ಕೈಗೆ ಬಂದಿತು. ತರುವಾಯದ ವರ್ಷದಲ್ಲಿ ಅಂಥ ಯಂತ್ರಗಳಿಗೆ ಬರಹವನ್ನಲ್ಲದೆ ಚಿತ್ರವನ್ನೂ ತೋರಿಸಿ ಅಭಿಪ್ರಾಯ ಕೇಳಬಹುದಾಯಿತು. ವಿನ್ಯಾಸವನ್ನು ಕಲಿಯುವ ತರುಣನೊಬ್ಬನು ತಾನು ಬರೆದ ಭಿತ್ತಿಚಿತ್ರವನ್ನು, ಕುರ್ಚಿಯ ನಕ್ಷೆಯನ್ನು, ಮೊಬೈಲಿನ ಪರದೆಗಾಗಿ ರಚಿಸಿದ ಪುಟವನ್ನು ಅದರ ಮುಂದಿರಿಸಿ, ಇದು ಹೇಗಿದೆ ಎಂದು ಕೇಳಿದರೆ ಕೆಲವೇ ಕ್ಷಣಗಳಲ್ಲಿ ಉತ್ತರ ದೊರೆಯುತ್ತದೆ. ಗುಣಗಳು ಇಂತಿಷ್ಟು, ಕೊರತೆಗಳು ಇಂತಿಷ್ಟು, ತಿದ್ದುವ ಬಗೆ ಹೀಗೆ ಎಂದು ಅಚ್ಚುಕಟ್ಟಾಗಿ ಬರೆದು ಕೊಡುತ್ತದೆ. ಇದರಿಂದ ಕಲಿಯುವವನು ಬೆಳೆಯುವನೋ ಕುಗ್ಗುವನೋ? ಮಕ್ಕಳನ್ನು ಇಂಥ ವಿದ್ಯೆಗೆ ಕಳುಹಿಸಿರುವ ತಂದೆತಾಯಿಗಳೂ ಯೋಚಿಸಬೇಕಾದ ಪ್ರಶ್ನೆ ಇದಾಗಿದೆ.

ವಿನ್ಯಾಸವೆಂದರೆ ಅಲಂಕಾರವೆಂದು ಹಲವರು ತಿಳಿದಿದ್ದಾರೆ. ೧೯೫೮ರಲ್ಲಿ ಭಾರತ ಸರ್ಕಾರದ ಕೋರಿಕೆಯಂತೆ ಅಮೆರಿಕದ ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ದಂಪತಿಗಳು ಈ ದೇಶವನ್ನು ಸಂಚರಿಸಿ ಒಂದು ವರದಿಯನ್ನು ಬರೆದುಕೊಟ್ಟರು. ಅದರ ಫಲವಾಗಿ ೧೯೬೧ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಸ್ಥಾಪಿತವಾಯಿತು. ದೇಶವನ್ನೆಲ್ಲ ನೋಡಿದ ಆ ದಂಪತಿಗಳು ಎಲ್ಲಕ್ಕಿಂತ ಚೆಲುವಾದ ವಸ್ತುವೆಂದು ಎತ್ತಿ ಹಿಡಿದದ್ದು ಅರಮನೆಯ ಯಾವುದೋ ಒಡವೆಯನ್ನಲ್ಲ. ಪ್ರತಿಯೊಂದು ಮನೆಯಲ್ಲಿಯೂ ಇರುವ ನೀರಿನ ಚೊಂಬನ್ನು. ಅದನ್ನು ಹೊಸದಾಗಿ ಮಾಡಹೊರಟವನು ಏನೇನನ್ನು ಯೋಚಿಸಬೇಕಾಗುವುದೆಂದು ಅವರು ವರದಿಯಲ್ಲಿ ಒಂದೊಂದಾಗಿ ಬರೆದಿದ್ದಾರೆ. ನೀರು ಎಷ್ಟು ಹಿಡಿಯಬೇಕು, ಹಿಡಿಯುವ ಕೈ ಎಷ್ಟು ದೊಡ್ಡದು, ತಲೆಯ ಮೇಲೆ ಹೊರುವರೋ ಸೊಂಟದ ಮೇಲೆ ಇಡುವರೋ, ತುಂಬಿದಾಗ ತೂಕ ಎಲ್ಲಿ ನಿಲ್ಲುತ್ತದೆ, ಬರಿದಾದಾಗ ಎಲ್ಲಿ, ಸುರಿಯುವಾಗ ಧಾರೆ ಹೇಗೆ ಬೀಳುತ್ತದೆ, ತೊಳೆಯುವುದು ಹೇಗೆ, ಮುಟ್ಟಿದರೆ ಹೇಗಿರುತ್ತದೆ, ಬೆಲೆ ಎಷ್ಟು, ಹೀಗೆ. ಈ ಚೊಂಬನ್ನು ಯಾವನೊಬ್ಬನೂ ರಚಿಸಿಲ್ಲ, ಅನೇಕ ತಲೆಮಾರುಗಳ ಅನೇಕ ಕೈಗಳು ಸೇರಿ ಅದಕ್ಕೆ ಈ ರೂಪವನ್ನು ಕೊಟ್ಟಿವೆ ಎಂಬುದು ಅವರ ಅಭಿಪ್ರಾಯ. ಎಂದರೆ, ಒಬ್ಬನು ಮಾಡಿದ್ದನ್ನು ಮತ್ತೊಬ್ಬನು ಬಳಸಿ, ಇದು ಕೈಗೆ ಒತ್ತುತ್ತದೆ, ಇದರಿಂದ ನೀರು ಚೆಲ್ಲುತ್ತದೆ ಎಂದು ಆಡಿದ ಮಾತುಗಳೆಲ್ಲವೂ ಆ ಚೊಂಬಿನ ಕಂಠದಲ್ಲಿ ನಿಂತಿವೆ.

ವಿನ್ಯಾಸದ ಶಾಲೆಗಳಲ್ಲಿ ಈ ಮಾತುಗಳಿಗೆಂದೇ ಒಂದು ವೇಳೆಯನ್ನು ಮೀಸಲಿಟ್ಟಿದ್ದಾರೆ. ವಿದ್ಯಾರ್ಥಿಯು ತಾನು ಮಾಡಿದ್ದನ್ನು ಎಲ್ಲರ ಎದುರಿನಲ್ಲಿ ಇಟ್ಟು ನಿಲ್ಲುತ್ತಾನೆ. ಗುರುಗಳೂ ಸಹಪಾಠಿಗಳೂ ಅದನ್ನು ಪರೀಕ್ಷಿಸುತ್ತಾರೆ. ನಮ್ಮ ದೇಶದ ಶಾಲೆಗಳಲ್ಲಿ ಇದಕ್ಕೆ ಜ್ಯೂರಿಯೆಂದು ಹೆಸರು. ೧೯೧೯ರಲ್ಲಿ ಜರ್ಮನಿಯ ವೈಮಾರಿನಲ್ಲಿ ಆರಂಭವಾಗಿ ಅನಂತರ ಡೆಸ್ಸಾವಿಗೆ ಹೋದ ಬೌಹೌಸ್ ಶಾಲೆಯಲ್ಲಿ ಜೋಸೆಫ್ ಆಲ್ಬರ್ಸ್ ಎಂಬ ಅಧ್ಯಾಪಕರಿದ್ದರು. ಅವರ ತರಗತಿಯ ಒಂದು ಪ್ರಸಂಗವನ್ನು ವಿದ್ಯಾರ್ಥಿಯೊಬ್ಬರು ಬರೆದಿಟ್ಟಿದ್ದಾರೆ. ಒಂದು ದಿನ ಅವರು ವೃತ್ತಪತ್ರಿಕೆಯ ಕಟ್ಟೊಂದನ್ನು ತಂದು ಹಂಚಿ, ಕತ್ತರಿ ಅಂಟುಗಳ ನೆರವಿಲ್ಲದೆ ಸಾಧ್ಯವಾದರೆ ಇದರಿಂದ ಏನಾದರೂ ಮಾಡಿರಿ ಎಂದು ಹೇಳಿ ಹೊರಟುಹೋದರು. ಕೆಲವು ಗಂಟೆಗಳ ತರುವಾಯ ಬಂದು ನೋಡಿದರೆ ಕೋಟೆಗಳು, ದೋಣಿಗಳು, ವಿಮಾನಗಳು, ಪ್ರಾಣಿಗಳು ಎಲ್ಲವೂ ಇದ್ದವು. ಅವನ್ನೆಲ್ಲ ಬೇರೆ ವಸ್ತುಗಳಿಂದ ಇನ್ನೂ ಚೆನ್ನಾಗಿ ಮಾಡಬಹುದಾಗಿತ್ತೆಂದು ಅವರು ಬದಿಗಿಟ್ಟರು. ಒಬ್ಬನು ಮಾತ್ರ ಕಾಗದವನ್ನು ಉದ್ದಕ್ಕೆ ಮಡಿಸಿ ರೆಕ್ಕೆಯಂತೆ ನಿಲ್ಲಿಸಿದ್ದನು. ಮೆತ್ತನೆಯ ಕಾಗದವು ಮಡಿಕೆಯ ಬಲದಿಂದ ತನ್ನ ಅಂಚಿನ ಮೇಲೆ ತಾನೇ ನಿಂತಿರುವುದನ್ನು ಅವರು ಎಲ್ಲರಿಗೂ ತೋರಿಸಿಕೊಟ್ಟರು. ಕಾಗದದ ಸ್ವಭಾವವನ್ನು ಅರಿತವನು ಅವನೊಬ್ಬನೇ ಆಗಿದ್ದನು. ಬದಿಗೆ ಸರಿದ ಕೋಟೆಯ ಕರ್ತೃವಿಗೆ ಆ ದಿನ ನೋವಾಗಿರಬೇಕು. ಆದರೆ ಮರುದಿನ ಅವನು ಕಾಗದವನ್ನು ಹಿಡಿದ ರೀತಿ ಹಿಂದಿನಂತಿರಲು ಸಾಧ್ಯವಿಲ್ಲ.

ಇನ್ನು ಯಂತ್ರದ ಗುಣವನ್ನು ಮುಚ್ಚಿಡುವುದು ನ್ಯಾಯವಲ್ಲ. ಎಣಿಸಬಹುದಾದುದನ್ನು ಅದು ಚೆನ್ನಾಗಿ ಎಣಿಸುತ್ತದೆ. ಪರದೆಯ ಮೇಲಿನ ಅಕ್ಷರದ ಬಣ್ಣಕ್ಕೂ ಹಿನ್ನೆಲೆಯ ಬಣ್ಣಕ್ಕೂ ಕನಿಷ್ಠ ೪.೫ಕ್ಕೆ ೧ರಷ್ಟು ಬೆಳಕಿನ ಅಂತರವಿರಬೇಕೆಂಬುದು ೨೦೦೮ರಿಂದ ಮಾನ್ಯವಾಗಿರುವ ಒಂದು ನಿಯಮ. ದೃಷ್ಟಿ ಮಂದವಾದವರಿಗೂ ಓದು ಸಾಧ್ಯವಾಗಲೆಂಬುದು ಅದರ ಉದ್ದೇಶ. ದಣಿದ ಅಧ್ಯಾಪಕರ ಕಣ್ಣಿಗೆ ತಪ್ಪಿಹೋಗಬಹುದಾದ ಇಂಥ ದೋಷವನ್ನು ಗಣಕ ತಪ್ಪಿಸುವುದಿಲ್ಲ. ೨೦೨೪ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪರದೆಯ ವಿನ್ಯಾಸಗಳನ್ನು ಇಂಥ ಯಂತ್ರಕ್ಕೆ ಒಪ್ಪಿಸಿ, ಅದರ ಟೀಕೆಯನ್ನು ನುರಿತ ವಿನ್ಯಾಸಕಾರರಿಂದ ಪರೀಕ್ಷಿಸಲಾಯಿತು. ಸೂಕ್ಷ್ಮವಾದ ದೋಷಗಳನ್ನು ಹಿಡಿಯುವುದರಲ್ಲಿಯೂ ಬರಹದ ಮಾತುಗಳನ್ನು ಸುಧಾರಿಸುವುದರಲ್ಲಿಯೂ ಅದು ಉಪಯುಕ್ತವೆಂದು ಕಂಡುಬಂದಿತು.

ಮತ್ತೊಂದು ಉಪಕಾರವೂ ಉಂಟು, ಬಹುಶಃ ಅದೇ ದೊಡ್ಡದು. ಜ್ಯೂರಿಯೆಂಬುದು ಎಲ್ಲ ಕಡೆಯೂ ಆಲ್ಬರ್ಸರ ತರಗತಿಯಂತಿರುವುದಿಲ್ಲ. ತಿದ್ದುವ ನೆಪದಲ್ಲಿ ಹಂಗಿಸುವವರೂ, ವಿದ್ಯಾರ್ಥಿಯ ಊರನ್ನೋ ಭಾಷೆಯನ್ನೋ ಕಂಡು ನಗುವವರೂ, ತಮ್ಮ ರುಚಿಯನ್ನೇ ಶಾಸ್ತ್ರವೆಂದು ಸಾರುವವರೂ ಗುರುಪೀಠದಲ್ಲಿ ಕುಳಿತದ್ದುಂಟು. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗಿಯು ಅಂಥ ಸಭೆಯಲ್ಲಿ ಒಮ್ಮೆ ತಲೆ ತಗ್ಗಿಸಿದರೆ ಮತ್ತೆ ತನ್ನ ಕೃತಿಯನ್ನು ಹೊರಗೆ ತೆಗೆಯಲಾರಳು. ಆಕೆಗೆ ನಡುರಾತ್ರಿಯಲ್ಲಿಯೂ ಬೇಸರಿಸದೆ, ನಗದೆ, ಕೇಳಿದ್ದನ್ನೇ ಹತ್ತು ಬಾರಿ ಕೇಳಿದರೂ ಉತ್ತರಿಸುವ ಯಂತ್ರವು ದೊರೆತರೆ ಅದನ್ನು ಅನಿಷ್ಟವೆಂದು ಯಾರು ಹೇಳಬಲ್ಲರು? ಹೇಳಹೊರಟವರು ಮೊದಲು ಸಭೆಯನ್ನು ಶುದ್ಧಗೊಳಿಸಬೇಕು.

ಆದರೆ ಆ ೨೦೨೪ರ ಅಧ್ಯಯನದಲ್ಲಿಯೇ ಇನ್ನೊಂದು ಮಾತು ಅಡಗಿದೆ. ಯಂತ್ರದ ಟೀಕೆಯಂತೆ ವಿನ್ಯಾಸವನ್ನು ತಿದ್ದಿ, ತಿದ್ದಿದ್ದನ್ನು ಮತ್ತೆ ಅದರ ಮುಂದಿಟ್ಟು, ಹೀಗೆ ಸುತ್ತು ಸುತ್ತಾಗಿ ಮುಂದುವರಿದರೆ ಟೀಕೆಯ ಉಪಯೋಗ ಕಡಿಮೆಯಾಗುತ್ತ ಹೋಯಿತು. ಮನುಷ್ಯ ಗುರುವಿನಲ್ಲಿ ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾದುದು ನಡೆಯುತ್ತದೆ. ಮೊದಲ ದಿನ ಹೊರಗಿನ ತಪ್ಪನ್ನು ಹೇಳಿದವನು ಹತ್ತನೆಯ ದಿನ ಒಳಗಿನ ತಪ್ಪಿಗೆ ಬರುತ್ತಾನೆ. ಶಿಷ್ಯನ ಅಭ್ಯಾಸಗಳು, ಆಲಸ್ಯಗಳು, ಅವನು ತಪ್ಪಿಸಿಕೊಳ್ಳುವ ಸಂದುಗಳು ಅಷ್ಟರಲ್ಲಿ ಗುರುವಿಗೆ ಪರಿಚಿತವಾಗಿರುತ್ತವೆ.

ಇದಕ್ಕಿಂತ ಗಂಭೀರವಾದುದು ಯಂತ್ರದ ಮೆಚ್ಚುಗೆಯ ವಿಷಯ. ಈ ಯಂತ್ರಗಳನ್ನು ಪಳಗಿಸುವ ವಿಧಾನವನ್ನು ಅರಿತರೆ ಸಂಗತಿ ಸ್ಪಷ್ಟವಾಗುತ್ತದೆ. ಅಸಂಖ್ಯ ಬರಹಗಳನ್ನು ಅದಕ್ಕೆ ಉಣಿಸಿದ ಮೇಲೆ, ಒಂದೇ ಪ್ರಶ್ನೆಗೆ ಅದು ಕೊಟ್ಟ ಎರಡು ಉತ್ತರಗಳನ್ನು ಮನುಷ್ಯರ ಮುಂದಿಟ್ಟು, ಯಾವುದು ಮೇಲೆಂದು ಕೇಳುತ್ತಾರೆ. ಮನುಷ್ಯರು ಮೆಚ್ಚಿದ ಬಗೆಯ ಉತ್ತರವನ್ನೇ ಹೆಚ್ಚು ಹೆಚ್ಚಾಗಿ ಕೊಡುವಂತೆ ಯಂತ್ರವು ರೂಪುಗೊಳ್ಳುತ್ತದೆ. ಮನುಷ್ಯರಾದರೋ ತಮ್ಮನ್ನು ಒಪ್ಪುವ ಮಾತನ್ನು ಮೆಚ್ಚುವವರು. ೨೦೨೩ರಲ್ಲಿ ಆಂಥ್ರೋಪಿಕ್ ಸಂಸ್ಥೆಯ ಸಂಶೋಧಕರು ಇಂಥ ಐದು ಯಂತ್ರಗಳನ್ನು ಪರೀಕ್ಷಿಸಿ, ಒಂದೇ ಬರಹವನ್ನು ಕೊಟ್ಟು, ಇದು ನನಗೆ ಬಹಳ ಇಷ್ಟ ಎಂದರೆ ಟೀಕೆ ಮೃದುವಾಗುವುದನ್ನೂ, ಇದು ನನಗೆ ಇಷ್ಟವಿಲ್ಲ ಎಂದರೆ ಅದೇ ಬರಹದ ಮೇಲೆ ಟೀಕೆ ಕಠಿಣವಾಗುವುದನ್ನೂ ಕಂಡರು. ಬರಹ ಬದಲಾಗಿರಲಿಲ್ಲ, ಕೇಳುವವನ ಮುಖಭಾವ ಮಾತ್ರ ಬದಲಾಗಿತ್ತು. ೨೦೨೫ರ ಏಪ್ರಿಲಿನಲ್ಲಿ ಚಾಟ್‌ಜಿಪಿಟಿಯ ಒಂದು ಹೊಸ ರೂಪವು ಎಲ್ಲದಕ್ಕೂ ಅತಿಯಾಗಿ ಹೊಗಳತೊಡಗಿದ್ದರಿಂದ, ಅದನ್ನು ನಿರ್ಮಿಸಿದ ಓಪನ್‌ಎಐ ಸಂಸ್ಥೆಯೇ ಕೆಲವು ದಿನಗಳೊಳಗೆ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಆಸ್ಥಾನದ ಹೊಗಳುಭಟ್ಟನಿಗೆ ಸಂಬಳವಾದರೂ ಇತ್ತು. ಇಲ್ಲಿ ಹೊಗಳಿಸಿಕೊಳ್ಳುವವನೇ ಹಣ ತೆರಬೇಕಾದ ವಿಚಿತ್ರವನ್ನು ಗಮನಿಸಬೇಕು.

ಹಾಗಾದರೆ ಹೊಗಳಬೇಡ, ಕಠೋರವಾಗಿ ತೆಗಳು ಎಂದು ಯಂತ್ರಕ್ಕೆ ಆಜ್ಞಾಪಿಸಿದರಾಯಿತೆಂದು ಕೆಲವರು ಹೇಳುವರು. ಆಜ್ಞೆಯಂತೆ ಅದು ತೆಗಳುತ್ತದೆ, ನಿಜ. ಆದರೆ ಕೇಳಿ ಪಡೆದ ತೆಗಳಿಕೆಯೂ ಮೆಚ್ಚಿಸುವಿಕೆಯ ಇನ್ನೊಂದು ವೇಷವೇ. ಸ್ತುತಿನಿಂದೆಗಳೆರಡರಲ್ಲಿಯೂ ಅಡಗಿರುವ ಅಪಾಯವನ್ನು ಶರಣರು ಎಂಟುನೂರು ವರ್ಷಗಳ ಹಿಂದೆಯೇ ಬಲ್ಲವರಾಗಿದ್ದರು. ಇತ್ತೀಚಿನ ಮನಶ್ಶಾಸ್ತ್ರವೂ ಅದಕ್ಕೆ ಸಮೀಪದ ಮಾತನ್ನು ಹೇಳುತ್ತದೆ. ಅವ್ರಹಾಮ್ ಕ್ಲೂಗರ್ ಮತ್ತು ಆಂಜೆಲೊ ಡಿನಿಸಿ ಎಂಬ ವಿದ್ವಾಂಸರು ೧೯೯೬ರಲ್ಲಿ, ಕೆಲಸದ ಬಗೆಗೆ ಅಭಿಪ್ರಾಯ ತಿಳಿಸುವುದರಿಂದ ಆಗುವ ಪರಿಣಾಮದ ಮೇಲೆ ಅದುವರೆಗೆ ನಡೆದಿದ್ದ ನೂರಾರು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದರು. ಸರಾಸರಿಯಲ್ಲಿ ಲಾಭವೇ ಆಗಿತ್ತು. ಆದರೆ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚಿನ ಪ್ರಸಂಗಗಳಲ್ಲಿ ಕೆಲಸವು ಮೊದಲಿಗಿಂತ ಕೆಟ್ಟಿತ್ತು. ಮನಸ್ಸು ಕೆಲಸದಿಂದ ಸರಿದು ತನ್ನ ಮೇಲೆಯೇ ಬಂದು ನಿಂತಷ್ಟೂ, ತಾನು ದೊಡ್ಡವನೋ ಸಣ್ಣವನೋ ಎಂಬ ಲೆಕ್ಕದಲ್ಲಿ ತೊಡಗಿದಷ್ಟೂ, ಅಭಿಪ್ರಾಯದ ಫಲ ಕುಂದುತ್ತದೆಂಬುದು ಅವರ ವಿವರಣೆ.

ಶೂನ್ಯಸಂಪಾದನೆಯನ್ನು ಓದಿದ ಸದ್ಭಕ್ತರಿಗೆ ಇಲ್ಲಿ ಸೊನ್ನಲಿಗೆಯ ಪ್ರಸಂಗ ನೆನಪಾಗದಿರದು. ಕೆರೆ ಕಟ್ಟಿಸುವ ಕಾರ್ಯದಲ್ಲಿ ಮಗ್ನರಾಗಿದ್ದ, ಜನರೆಲ್ಲ ಪೂಜಿಸುತ್ತಿದ್ದ ಸಿದ್ಧರಾಮರನ್ನು ಅಲ್ಲಮಪ್ರಭುಗಳು ಬಂದು ಒಡ್ಡನೆಂದು ಕರೆದರು. ಕೆಲಸದವರು ಕೆರಳಿ ಕಲ್ಲೆಸೆದರು. ಕೆರೆಯ ಏರಿ ಗಟ್ಟಿಯಿಲ್ಲವೆಂದಾಗಲಿ ತೂಬು ಸೋರುವುದೆಂದಾಗಲಿ ಪ್ರಭುಗಳು ಹೇಳಬಂದಿರಲಿಲ್ಲ. ಕಟ್ಟುವವನ ಒಳಗನ್ನೇ ಪ್ರಶ್ನಿಸಬಂದಿದ್ದರು. ಅದು ಆತ್ಮಸಾಧನೆಯ ವಿಷಯ, ನೀರಿನ ಚೊಂಬಿನ ವಿನ್ಯಾಸಕ್ಕೆ ಅಷ್ಟು ದೂರ ಹೋಗಬೇಕಾದುದಿಲ್ಲವೆಂದು ಯಾರಾದರೂ ಆಕ್ಷೇಪಿಸಿದರೆ ಒಪ್ಪಬಹುದು. ಆದರೂ ಆ ಪ್ರಸಂಗದಲ್ಲಿ ಎಲ್ಲ ವಿಮರ್ಶೆಗೂ ಸಲ್ಲುವ ಒಂದಂಶವಿದೆ. ಕಲ್ಲು ಬೀಳುವುದೆಂದು ಬಲ್ಲವರೇ ಆ ಮಾತನ್ನು ಆಡಿದರು; ಆಡಿ ಹೊರಟುಹೋಗದೆ, ಸಿದ್ಧರಾಮರನ್ನು ಕಲ್ಯಾಣಕ್ಕೆ ಕರೆದುಕೊಂಡು ಹೋಗುವವರೆಗೂ ಜೊತೆಯಲ್ಲಿ ನಿಂತರು. ಅಪ್ರಿಯವನ್ನು ನುಡಿಯುವ ಗೆಳೆಯನು ಗೆಳೆತನವನ್ನೇ ಪಣವಾಗಿಡುತ್ತಾನೆ. ಗುರುವು ಶಿಷ್ಯನ ಗೌರವವನ್ನು ಪಣವಾಗಿಡುತ್ತಾನೆ. ಯಂತ್ರಕ್ಕೆ ಕಳೆದುಕೊಳ್ಳುವುದೇನೂ ಇಲ್ಲ. ಎದುರುವಾದ ಹೂಡಿದರೆ, ತಾವು ಹೇಳಿದ್ದು ಸರಿ ಎಂದು ಆ ಕ್ಷಣದಲ್ಲಿಯೇ ಶರಣಾಗುವುದು ಅದಕ್ಕೆ ಬಹಳ ಸುಲಭ. ಅಂಥ ಎದುರಾಳಿಯೊಡನೆ ವಾದಿಸಿ ಗೆದ್ದ ಹುಡುಗನು ತನ್ನ ಕೃತಿಯನ್ನು ಸಮರ್ಥಿಸಿಕೊಂಡೆನೆಂದು ನಂಬಿದರೆ, ನಿಜವಾದ ಗಿರಾಕಿಯ ಮುಂದೆ ನಿಂತ ದಿನ ಅವನ ಬಾಯಿ ಕಟ್ಟುತ್ತದೆ.

ಎಲ್ಲರ ಕೃತಿಯೂ ಒಂದೇ ತೆರನಾಗುವ ಭಯವೂ ಸುಳ್ಳಲ್ಲ. ೨೦೨೪ರಲ್ಲಿ ಅನಿಲ್ ದೋಶಿ ಮತ್ತು ಆಲಿವರ್ ಹೌಸರ್ ಎಂಬುವರು ಸುಮಾರು ೩೦೦ ಜನರಿಂದ ಪುಟ್ಟ ಪುಟ್ಟ ಕಥೆಗಳನ್ನು ಬರೆಯಿಸಿದರು. ಯಂತ್ರದಿಂದ ಕಲ್ಪನೆ ಪಡೆದು ಬರೆದವರ ಕಥೆಗಳು ಬಿಡಿಬಿಡಿಯಾಗಿ ನೋಡಿದರೆ ಮೇಲಾಗಿದ್ದವು. ಸ್ವಭಾವತಃ ಕಲ್ಪನಾಶಕ್ತಿ ಕಡಿಮೆಯಿದ್ದವರಿಗೆ ಹೆಚ್ಚು ಲಾಭವಾಗಿತ್ತು. ಆದರೆ ಒಟ್ಟಿಗೆ ಇಟ್ಟು ನೋಡಿದರೆ ಅವು ಒಂದನ್ನೊಂದು ಹೆಚ್ಚಾಗಿ ಹೋಲುತ್ತಿದ್ದವು. ವಿನ್ಯಾಸದಲ್ಲಿಯೂ ಹೀಗೆಯೇ. ಅದೇ ವರ್ಷದ ಮತ್ತೊಂದು ಪ್ರಯೋಗದಲ್ಲಿ ೬೦ ಜನರಿಗೆ ಒಂದು ಮಾದರಿಯನ್ನು ತೋರಿಸಿ ಹೊಸ ರೂಪಗಳನ್ನು ಚಿತ್ರಿಸಲು ಹೇಳಿದಾಗ, ಚಿತ್ರ ರಚಿಸುವ ಯಂತ್ರದ ನೆರವು ಪಡೆದವರೇ ಆ ಮೊದಲ ಮಾದರಿಗೆ ಹೆಚ್ಚು ಅಂಟಿಕೊಂಡರು. ಅವರ ಕಲ್ಪನೆಗಳ ಸಂಖ್ಯೆಯೂ ವೈವಿಧ್ಯವೂ ಕಡಿಮೆಯಾಗಿದ್ದವು.

ಕನ್ನಡದ ಕೆಲಸ ಮಾಡುವವರಿಗೆ ಇದು ಇನ್ನೂ ಹತ್ತಿರದ ಮಾತು. ಯಂತ್ರವು ಉಂಡು ಬೆಳೆದ ಬರಹದಲ್ಲಿ ಇಂಗ್ಲಿಷಿನ ಪಾಲೇ ಬಹುದೊಡ್ಡದು. ಕನ್ನಡದ ಪಾಲು ಅತ್ಯಲ್ಪ. ಕನ್ನಡದ ಒತ್ತಕ್ಷರವು ಸಾಲಿನ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೇರುತ್ತದೆ. ಇಂಗ್ಲಿಷಿನ ಅಳತೆಗೆ ಹೊಂದುವಂತೆ ಸಾಲುಗಳನ್ನು ಹತ್ತಿರ ಹತ್ತಿರ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಓದು ಕಲಕುತ್ತದೆ. ಹಳೆಯ ಮುದ್ರಣಾಲಯದಲ್ಲಿ ಮೊಳೆ ಜೋಡಿಸುತ್ತಿದ್ದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪುಟದ ವಿನ್ಯಾಸವು ಗಾಳಿಯಾಡುವಂತಿದೆ, ಸಮತೋಲವಾಗಿದೆ ಎಂದು ಯಂತ್ರವು ಮೆಚ್ಚಿದರೂ, ಕನ್ನಡಕವನ್ನು ಸರಿಪಡಿಸಿಕೊಂಡು ಆ ಪುಟವನ್ನು ಓದಬೇಕಾದ ಅಜ್ಜನು ಎಲ್ಲಿ ತಡವರಿಸುತ್ತಾನೆಂಬುದನ್ನು ಅಜ್ಜನ ಪಕ್ಕದಲ್ಲಿ ಕುಳಿತೇ ತಿಳಿಯಬೇಕು.

ಹಾಗೆಂದು ಯಂತ್ರವನ್ನು ಮನೆಯಿಂದ ಹೊರಗೆ ಹಾಕಬೇಕಾಗಿಲ್ಲ. ಅದನ್ನು ಕರೆಯುವ ವೇಳೆ ಯಾವುದೆಂಬುದೇ ಮುಖ್ಯ. ತುರ್ಕಿ ದೇಶದ ಒಂದು ಪ್ರೌಢಶಾಲೆಯಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳ ಗಣಿತಾಭ್ಯಾಸವನ್ನು ಪರೀಕ್ಷಿಸಿದ ಅಧ್ಯಯನವೊಂದು ೨೦೨೫ರಲ್ಲಿ ಪ್ರಕಟವಾಯಿತು. ಯಂತ್ರವನ್ನು ಯಾವ ನಿರ್ಬಂಧವೂ ಇಲ್ಲದೆ ಬಳಸಿದವರು ಅಭ್ಯಾಸದ ವೇಳೆಯಲ್ಲಿ ಬಹಳ ಮುಂದಿದ್ದರು. ಯಂತ್ರವನ್ನು ತೆಗೆದು ಪರೀಕ್ಷೆಗೆ ಕೂರಿಸಿದಾಗ, ಅದನ್ನು ಎಂದೂ ಬಳಸದವರಿಗಿಂತ ಶೇಕಡಾ ೧೭ರಷ್ಟು ಹಿಂದೆ ಬಿದ್ದರು. ಉತ್ತರವನ್ನು ಕೊಡದೆ ಸುಳುಹನ್ನು ಮಾತ್ರ ಕೊಡುವಂತೆ ಕಟ್ಟಿದ್ದ ಯಂತ್ರವನ್ನು ಬಳಸಿದವರಿಗೆ ಈ ಹಾನಿ ಬಹುಮಟ್ಟಿಗೆ ತಪ್ಪಿತು. ಗಣಿತದಲ್ಲಿ ಸರಿಯುತ್ತರ ಒಂದಿರುತ್ತದೆ. ವಿನ್ಯಾಸದಲ್ಲಿ ಅದೂ ಇಲ್ಲ. ಇಲ್ಲಿ ಕಲಿಯಬೇಕಾದುದೇ ನೋಡುವ ಕಣ್ಣು. ಮೊದಲು ಯಂತ್ರವನ್ನು ಕೇಳಿ ಆಮೇಲೆ ನೋಡುವವನಿಗೆ ಯಂತ್ರವು ಹೇಳಿದ್ದೇ ಕಾಣುತ್ತದೆ. ತನ್ನ ಕೃತಿಯಲ್ಲಿ ತನಗೆ ಒಪ್ಪದಿರುವುದನ್ನು ಮೊದಲು ತಾನೇ ಕಾಗದದ ಮೇಲೆ ಬರೆದಿಟ್ಟುಕೊಂಡು, ಆಮೇಲೆ ಯಂತ್ರವನ್ನು ಕೇಳುವವನಿಗೆ ಹೋಲಿಸಿ ನೋಡಲು ಏನಾದರೂ ಇರುತ್ತದೆ. ತನಗೆ ತೋರಿದ್ದು ಅದಕ್ಕೆ ತೋರಲಿಲ್ಲವೇಕೆ, ಅದಕ್ಕೆ ತೋರಿದ್ದು ತನಗೆ ತಪ್ಪಿದ್ದೇಕೆ ಎಂಬ ಎರಡು ಪ್ರಶ್ನೆಗಳಲ್ಲಿಯೇ ಅವನ ವಿದ್ಯೆ ನಡೆಯುತ್ತದೆ.

ಅಧ್ಯಾಪಕರ ಕರ್ತವ್ಯವೂ ಇದರೊಡನೆ ಬದಲಾಗಿದೆ. ವಿದ್ಯಾರ್ಥಿಯು ಯಂತ್ರವನ್ನು ಕೇಳಿದನೋ ಇಲ್ಲವೋ ಎಂದು ಕಳ್ಳನನ್ನು ಹಿಡಿಯುವಂತೆ ಹಿಡಿಯುವುದರಿಂದ ಪ್ರಯೋಜನವಿಲ್ಲ. ಕೇಳಿದ್ದರೆ ಆ ಉತ್ತರವನ್ನೂ ಕೃತಿಯ ಪಕ್ಕದಲ್ಲಿಯೇ ಇಡಿಸಿ, ಅದು ಹೇಳಿದ ಹತ್ತು ಮಾತುಗಳಲ್ಲಿ ನೀನು ಒಪ್ಪದೆ ಬಿಟ್ಟದ್ದು ಯಾವುದು, ಏಕೆ, ಎಂದು ಎಲ್ಲರೆದುರಿನಲ್ಲಿ ಕೇಳಬಹುದು. ಹತ್ತನ್ನೂ ಒಪ್ಪಿದೆನೆಂದರೆ ಆ ದಿನದ ಪಾಠವನ್ನು ಅಲ್ಲಿಂದ ಆರಂಭಿಸಬೇಕಾಗುತ್ತದೆ. ಒಂದನ್ನು ಬಿಟ್ಟೆನೆಂದು ಹೇಳಿ, ಬಿಟ್ಟ ಕಾರಣವನ್ನು ಹೇಳುವಾಗ ಅವನ ಧ್ವನಿ ನಡುಗಿದರೂ ಚಿಂತೆಯಿಲ್ಲ. ಹೇಳಿ ಮುಗಿಸುವವರೆಗೆ ಸಭೆಯು ನಗದೆ ಕಾಯಬೇಕು.

ಧಾರವಾಡದ ಆ ಹಿರಿಯಳಿಗೂ ಈಗ ಮೊಮ್ಮಗಳು ದೂರದ ಊರಿನಿಂದ ಮೊಬೈಲಿನಲ್ಲಿ ಕಸೂತಿಯ ಚಿತ್ರವನ್ನು ಕಳುಹಿಸುತ್ತಿರಬಹುದು. ಯಂತ್ರಕ್ಕೂ ಅದೇ ಚಿತ್ರ ಹೋಗಿರುತ್ತದೆ. ಬಣ್ಣಗಳ ಹೊಂದಿಕೆ ಸೊಗಸಾಗಿದೆಯೆಂಬ ಉತ್ತರವೂ ಬಂದಿರುತ್ತದೆ. ಹಿರಿಯಳು ಮಾತ್ರ ಚಿತ್ರವನ್ನು ಒಂದು ಗಳಿಗೆ ನೋಡಿ, ಬಟ್ಟೆಯನ್ನು ತಿರುವಿ ಇನ್ನೊಂದು ಕಳುಹಿಸವ್ವ ಎನ್ನುತ್ತಾಳೆ.